ಹೊಟ್ಟೆಯೊಳಗಿನ ನಡುಗಡ್ಡೆ

ಹೊಳೆ ನಡುವಿನ ಹುಣಸಿಗಡ್ಡಿಯಲ್ಲಿ ಆ ಬೆಳಗ್ಗೆ ಹಣ್ಣಾದ ಬಾಳೆಗೊನೆ ಒಂದೂ ಇರಲಿಲ್ಲ. ಕೆಳಗಿನ ತೋಟಕ್ಕೆ ನೀರು ನುಗ್ಗಿ, ಬಾಳೆಗಿಡಗಳ ತಲೆಯಷ್ಟೇ ಮೇಲೆ ಕಾಣುತ್ತಿತ್ತು. ಅವೂ ಒಂದೊಂದಾಗಿ ಹೊಳೆಗೆ ಬಾಗುತ್ತಿದ್ದವು. ಆದರೂ ಸುಂಕಮ್ಮನ ಮೂಗಿಗೆ ಸುಗಂಧಿ ಬಾಳೆಹಣ್ಣಿನ ವಾಸನೆ ಬಡಿಯಿತು. ಹಣ್ಣು ತೀರ ಕಳಿತು ಸಿಪ್ಪೆ ಕಪ್ಪಾಗುವಾಗ ಬರುತ್ತದಲ್ಲ, ಆ ಸಿಹಿ ವಾಸನೆ. ಅಟ್ಟದ ಮೇಲೆ ಕೈಯಾಡಿಸಿದಳು. ಮೂಲೆಯ ಬುಟ್ಟಿ ಮಗುಚಿ ನೋಡಿದಳು. ಕಡೆಗೆ ಚಾಪೆಯ ಮೇಲೆ ಮುದುಡಿಕೊಂಡಿದ್ದ ತಮ್ಮನ ಹತ್ತಿರ ಬಗ್ಗಿದಾಗ ತಿಳಿಯಿತು. ವಾಸನೆ ಅವನ ಬಾಯಿಂದ ಬರುತ್ತಿತ್ತು.

"ಏನ್ ತಿಂದಿಯೋ ಮೂಕಾ?"

"ಏನೂ ಇಲ್ಲ. ನೀರು ಕೊಡಕ್ಕ."

ಕೊಟ್ಟಳು. ಚೊಂಬು ಬರಿದಾಯಿತು. ಇನ್ನೊಂದು ಕೇಳಿದ, ಅದೂ ಬರಿದಾಯಿತು. ಆಮೇಲೆ ಮಗ್ಗುಲಿಗೆ ಹೊರಳಿ ಕುಡಿದದ್ದನ್ನೆಲ್ಲ ಕಕ್ಕಿದ. ಹೊಟ್ಟೆ ಹಿಡಿದುಕೊಂಡು, ದೂರದಿಂದ ಓಡಿ ಬಂದವನ ಹಾಗೆ ಉದ್ದುದ್ದ ಉಸಿರು ಬಿಡತೊಡಗಿದ. ರಾತ್ರಿಯಿಡೀ ಏಳುವುದು, ಹೊರಗೆ ಹೋಗಿ ಬರುವುದು, ನೀರು ಕುಡಿಯುವುದು, ಇಷ್ಟೇ ಆಗಿತ್ತು ಅವನ ಕೆಲಸ. ಇವಳು ಮಳೆಗಾಳಿಗೆ ನೆಗಡಿ ಹಿಡಿದಿರಬೇಕು ಎಂದುಕೊಂಡಿದ್ದಳು. ಈಗ ಹಾಗೆ ಅಂದುಕೊಳ್ಳಲು ಆಗಲಿಲ್ಲ.

ಮೂಕಪ್ಪ ಅನ್ನುವುದು ದೇವರ ಹೆಸರು ಅಂತ ಇಟ್ಟದ್ದು, ಅಷ್ಟೆ. ಆ ಹೆಸರಿಗೂ ಅವನ ಬಾಯಿಗೂ ಯಾವ ಸಂಬಂಧವೂ ಇರಲಿಲ್ಲ. ಹೊಳೆಯ ಈ ದಡದಲ್ಲಿ ತೆಪ್ಪ ಹತ್ತಿ ಮಾತು ಶುರು ಮಾಡಿದನೆಂದರೆ ಆ ದಡದಲ್ಲಿ ಇಳಿದವರು ಬಸ್ಸು ತಪ್ಪಿಸಿಕೊಂಡು ನಿಂತು ಕೇಳುತ್ತಿದ್ದರು. ಚಳಿಗಾಲದಲ್ಲಿ ಹಂಪಿಗೆ ಹೋಗಿ ಪ್ರವಾಸಿಗಳನ್ನು ಕೂರಿಸಿಕೊಂಡು ತೆಪ್ಪ ತಿರುಗಿಸುತ್ತಿದ್ದ. ಉಳಿದ ದಿನಗಳಲ್ಲಿ ಮೀನು ಹಿಡಿದು ಅಕ್ಕನ ಬುಟ್ಟಿಗೆ ಹಾಕುತ್ತಿದ್ದ.

ಅಕ್ಕ ತೆಪ್ಪ ಹೆಣೆಯುವವಳು. ಸುಂಕಮ್ಮ ಹುಟ್ಟಿದ್ದು ಈ ಗಡ್ಡಿಯಲ್ಲೇ, ಕಂಪ್ಲಿಗೆ ಸ್ವಲ್ಪ ಮೇಲೆ ತುಂಗಭದ್ರೆ ಎರಡಾಗಿ ಸೀಳಿ ಮತ್ತೆ ಕೂಡುವ ಕಡೆ. ಪಾಪಿನಾಯಕನಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತಿರುಗಿ ಬಂದಳು. ಬಂದ ವರ್ಷವೇ ತಾಯಿ ಹೋದಳು. ಕೈಗೆ ಇನ್ನೂ ಹಾಲುಹಲ್ಲು ಬೀಳದ ತಮ್ಮನೂ, ಅರ್ಧ ಹೆಣೆದ ಒಂದು ತೆಪ್ಪವೂ ಉಳಿದವು. ಎರಡನ್ನೂ ಅವಳೇ ಮುಗಿಸಬೇಕಾಯಿತು. ಸಂಡೂರಿನ ಕಡೆಯಿಂದ ಬರುವ ಬಿದಿರನ್ನು ಸೀಳಿ, ದಬ್ಬೆಗಳನ್ನು ನೀರಲ್ಲಿ ನೆನೆಸಿ, ದೊಡ್ಡ ದುಂಡು ಬುಟ್ಟಿಯ ಹಾಗೆ ಹೆಣೆದು, ಹೊರಮೈಗೆ ತಾಡಪಾಲು ಹೊದಿಸಿ ಡಾಂಬರು ಬಳಿಯುವುದು. ನೋಡುವುದಕ್ಕೆ ಇಷ್ಟೇ. ಆದರೆ ದಬ್ಬೆ ಎಳೆಯುವ ಬಿಗಿಯಲ್ಲಿ ಒಂದು ಕೂದಲೆಳೆ ಹೆಚ್ಚು ಕಡಿಮೆಯಾದರೂ ತೆಪ್ಪ ಹೊಳೆಯಲ್ಲಿ ಒಂದು ಕಡೆಗೆ ವಾಲುತ್ತದೆ. ಅವಳ ತೆಪ್ಪ ವಾಲಿತು ಎಂದು ಯಾರೂ ಹೇಳಿದ್ದಿಲ್ಲ.

ಹೆಣೆಯುವ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೆಣೆಯುವ ಹೆಂಗಸು ಹುಟ್ಟು ಹಿಡಿಯಬಾರದು. ಹೊಳೆಯ ಅಂಜಿಕೆ ಒಮ್ಮೆ ಮೈಗೆ ಹತ್ತಿತೆಂದರೆ ಬೆರಳಿಗೆ ಇಳಿಯುತ್ತದೆ, ಬೆರಳಿನಿಂದ ದಬ್ಬೆಗೆ ಇಳಿಯುತ್ತದೆ, ಆಮೇಲೆ ಆ ತೆಪ್ಪದಲ್ಲಿ ಕೂತವರೆಲ್ಲ ಅಂಜುತ್ತಾರೆ ಎಂದು ತಾಯಿ ಹೇಳುತ್ತಿದ್ದಳು. ಬೇಸಿಗೆಯ ತಿಳಿನೀರಿನಲ್ಲಿ ಸುಂಕಮ್ಮ ತಾನೇ ಹುಟ್ಟು ಹಾಕಿಕೊಂಡು ಸಂತೆಗೆ ಹೋಗಿ ಬರುತ್ತಿದ್ದಳು. ಕೆಂಪು ನೀರು ಬಂದಾಗ ಮಾತ್ರ ದಡ ಬಿಟ್ಟು ಕದಲಿದವಳಲ್ಲ.

ಈಗ ಹೊಳೆ ಕೆಂಪಾಗಿತ್ತು. ಗೇಟು ಎತ್ತುತ್ತಾರೆಂದು ಆಚೆ ದಡದಲ್ಲಿ ಆಟೋ ಕೂಗಿಕೊಂಡು ತಿರುಗಿದಾಗಲೇ ಗಡ್ಡಿಯ ಉಳಿದ ಮನೆಗಳವರು ಕುರಿ ಮೇಕೆ ಹೊಡೆದುಕೊಂಡು ದಾಟಿದ್ದರು. ಸುಂಕಮ್ಮ ಹೋಗಲಿಲ್ಲ. ದಿಬ್ಬದ ಮೇಲೆ ಅರ್ಧ ಹೆಣೆದ ತೆಪ್ಪವಿತ್ತು. ನೆನೆದ ದಬ್ಬೆಯನ್ನು ಹಾಗೇ ಬಿಟ್ಟರೆ ಸೆಟೆದು ಹಾಳಾಗುತ್ತದೆ. ದಿಬ್ಬಕ್ಕಂತೂ ನೀರು ಹತ್ತಿದ್ದು ಯಾರಿಗೂ ನೆನಪಿಲ್ಲ. "ನೀ ನಡಿ" ಎಂದು ತಮ್ಮನಿಗೆ ಹೇಳಿದ್ದಳು.

"ನಿನ್ನ ಬಿಟ್ಟು ಹೋಗಿ ಅಲ್ಲಿ ಯಾರ ಜೊತಿ ಜಗಳಾಡ್ಲಿ?" ಎಂದು ಅವನೂ ಉಳಿದಿದ್ದ.

ಮೂಕಪ್ಪನಿಗೆ ಮೀಸೆ ಮೂಡುವ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮುದುಕರಿಗೆ ಬರುತ್ತದಲ್ಲ, ಗುಳಿಗೆಯಲ್ಲಿ ಹೋಗುತ್ತದಲ್ಲ, ಅದಲ್ಲ. ದಿನಾ ಸೂಜಿ ಚುಚ್ಚಿಕೊಳ್ಳಬೇಕು, ಒಂದು ದಿನ ಬಿಟ್ಟರೂ ಆಗದು. ಅದನ್ನು ಅಕ್ಕ ತಮ್ಮ ಇಬ್ಬರಿಗೂ ಮನಸ್ಸಿಗಿಳಿಯುವ ಹಾಗೆ ತಿಳಿಸಿಕೊಟ್ಟವಳು ದಡದ ಆರೋಗ್ಯ ಕೇಂದ್ರದ ನರ್ಸು ಸುಮಂಗಲಾ. ಹೊಸಪೇಟೆಯ ಚಿತ್ತವಾಡ್ಗಿಯ ಹುಡುಗಿ. ಅವಳ ತಾಯಿ ಭೀಮವ್ವ ಕೂಲಿ ಮಾಡಿ ಓದಿಸಿದವಳು. ಹೋದ ಚಳಿಗಾಲದಲ್ಲಿ ಸುಮಂಗಲಾ ಗಡ್ಡಿಗೆ ಬಂದವಳು ಬಿದಿರ ಚಕ್ಕೆಯೊಂದನ್ನು ಎತ್ತಿಕೊಂಡು, ಮರಳಿನ ಮೇಲೆ ಮೂಲಂಗಿಯಂಥದೊಂದು ಚಿತ್ರ ಬರೆದಿದ್ದಳು.

"ಇದು ಮೇದೋಜೀರಕ ಗ್ರಂಥಿ. ನಿಮ್ಮ ಹೊಟ್ಟ್ಯಾಗ, ಜಠರದ ಹಿಂದ ಇರ್ತೈತಿ. ಇದರೊಳಗ ನೋಡ್ರಿ, ಇಲ್ಲೊಂದು ಇಲ್ಲೊಂದು ಸಣ್ಣ ಸಣ್ಣ ಗುಂಪು" ಎಂದು ಚಿತ್ರದ ತುಂಬ ಚುಕ್ಕೆ ಇಟ್ಟಳು. "ಇವಕ್ಕ ನಡುಗಡ್ಡಿ ಅಂತಾರ. ಸಕ್ಕರಿ ನೋಡಿಕೊಳ್ಳೋ ರಸ ಹುಟ್ಟೋದು ಇಲ್ಲೇ. ಲ್ಯಾಟಿನ್ ಅಂತ ಇಟಲಿ ಕಡೀದು ಒಂದು ಹಳೇ ಭಾಷಾ ಐತಿ. ಅದರಾಗ ನಡುಗಡ್ಡಿಗೆ ಇನ್ಸುಲಾ ಅಂತಾರ. ಅದಕ್ಕ ಈ ರಸ ಇನ್ಸುಲಿನ್ ಆತು."

ಮೂಕಪ್ಪ ಕಣ್ಣರಳಿಸಿದ. "ಅಯ್ಯೋ, ಹಂಪಿಗೆ ಬರೋ ಇಟಲಿಯವ್ರು ಹೊಳಿ ನಡುವಿನ ಗಡ್ಡಿ ತೋರ್ಸಿ ಈಸೊಲಾ ಈಸೊಲಾ ಅಂತಿರ್ತಾರಲ್ರೀ!"

"ಅದ ಮಾತು. ಅದರ ಮೊಮ್ಮಗಳು."

"ಹಂಗಾದ್ರ ನನ್ನ ಗಡ್ಡಿ?"

"ನಿನ್ನವು ಮುಳುಗ್ಯಾವ. ಹೊರಗಿಂದ ತಂದು ಹಾಕಬೇಕು, ತೆಪ್ಪದಾಗ ರೇಶನ್ ತಂದಂಗ."

ಆ ಹುಡುಗಿಗೂ ಹುರುಪು ಬಂತು. ತಲೆಯ ಚಿತ್ರ ಬರೆದು ಕಿವಿಯ ಮೇಲ್ಗಡೆ, ಮೆದುಳಿನ ಮಡಿಕೆ ಸರಿಸಿದರೆ ಒಳಗೆ ಕಾಣುವ ಒಂದು ಭಾಗ ತೋರಿಸಿದಳು. ಅದಕ್ಕೂ ಇನ್ಸುಲಾ ಎಂದೇ ಹೆಸರಂತೆ. ನೀರಡಿಕೆ, ವಾಕರಿಕೆ, ಎದೆ ಬಡಿತ ಇವೆಲ್ಲ ಮನುಷ್ಯನಿಗೆ ಅರಿವಾಗುವುದರಲ್ಲಿ ಅದರದು ದೊಡ್ಡ ಪಾಲಂತೆ. ಹಳೆಯ ನಕಾಶೆಗಳಲ್ಲಿ ದ್ವೀಪದ ಪಕ್ಕದಲ್ಲಿ ಆ ಮಾತೇ ಬರೆದಿರುತ್ತದಂತೆ. ಮೂರು ಕಡೆ ನೀರಿದ್ದರೆ ಪೆನಿನ್ಸುಲಾ, ಅಂದರೆ ಇನ್ನೇನು ದ್ವೀಪವಾಗಬೇಕು ಅನ್ನುವಷ್ಟರಲ್ಲಿ ಉಳಿದದ್ದು. ನಮ್ಮ ದೇಶದ ದಕ್ಷಿಣ ಭಾಗ ಅಂಥದು. ದ್ವೀಪದಲ್ಲಿ ವಾಸವಾಗಿರುವ ಎಷ್ಟೋ ಹಕ್ಕಿ, ಹುಳು, ಗಿಡಗಳಿಗೆ ಪಂಡಿತರು ಹೆಸರಿನ ಬಾಲಕ್ಕೆ ಇನ್ಸುಲಾರಿಸ್ ಎಂದು ಸೇರಿಸುತ್ತಾರಂತೆ.

"ನಮ್ಮಕ್ಕನೂ ಹಂಗಾದ್ರ ಸುಂಕಮ್ಮ ಇನ್ಸುಲಾರಿಸ್!" ಎಂದು ಮೂಕಪ್ಪ ಕುಣಿದ. "ಗಡ್ಡಿ ಬಿಟ್ಟು ಬ್ಯಾರೆ ಕಡೆ ಬದುಕಂಗಿಲ್ಲ. ಮೀನಿನಷ್ಟ ವಾಸನಿ, ಏಡಿಯಷ್ಟ ಸಿಟ್ಟು."

"ಲೇ, ಬಾಯಿಗೆ ಡಾಂಬರು ಹಚ್ಚೇನು ನೋಡು."

"ನಿನ್ನ ಹುಟ್ಟಿಗೆ ಸುತ್ತೀಯಲ್ಲ, ಕರಿ ಟೇಪು" ಎಂದು ಸುಮಂಗಲಾ ಮೂಕಪ್ಪನ ಕಡೆ ತಿರುಗಿ ನಕ್ಕಳು, "ಇನ್ಸುಲೇಷನ್ ಟೇಪು. ಅದೂ ಆ ಮಾತಿನ ಬಳಗಾನ. ಕರೆಂಟಿನ ತಂತಿನ ಸುತ್ತಮುತ್ತಲಿಂದ ಬ್ಯಾರೆ ಮಾಡಿ ನಡುಗಡ್ಡಿ ಮಾಡಿಡೋದು."

ಸುಂಕಮ್ಮ ಅಷ್ಟು ಹೊತ್ತೂ ದಬ್ಬೆ ಎಳೆಯುತ್ತ ಕೇಳಿಸಿಕೊಂಡಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ನಮ್ಮದೂ ಹಂಗ ಅಲ್ಲೇನವ್ವ. ನೆಲದಾಗ ಬೆಳದ್ರ ಉಳ್ಳಾಗಡ್ಡಿ, ಹೊಟ್ಟ್ಯಾಗ ಬೆಳದ್ರ ಗಡ್ಡಿ ಆಗೈತಿ ಅಂತೀವಿ, ಹೊಳ್ಯಾಗ ಇದ್ರ ನಡುಗಡ್ಡಿ." ಸುಮಂಗಲಾ ಚಕ್ಕೆಯನ್ನು ಕೆಳಗಿಟ್ಟು, "ಹೌದಲ್ಲಕ್ಕ, ನಮ್ಮ ಕಾಲೇಜಿನ್ಯಾಗ ಇದನ್ನ ಯಾರೂ ಹೇಳ್ಲಿಲ್ಲ" ಎಂದು ಬಾಯಿ ತುಂಬ ನಕ್ಕಿದ್ದಳು.

ಆ ನಗುವಿನ ದಿನವೇ ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು. ಔಷಧಿಯನ್ನು ತಂಪಿನಲ್ಲಿಡಬೇಕು. ಪಕ್ಕದ ಮನೆ ದುರ್ಗಕ್ಕನ ಫ್ರಿಜ್ಜಿನಲ್ಲಿ ಇಟ್ಟರಾಯಿತು. ಕರೆಂಟು ಹೋದರೆ ದೊಡ್ಡ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ನೀರು ಚಿಮುಕಿಸುತ್ತಿರಬೇಕು. ಅಷ್ಟು ತಂಪು ಸಾಕು.

ಹೊಳೆ ಏರಿದ ದಿನ ಗಡ್ಡಿಯ ಕರೆಂಟು ತೆಗೆದರು. ಸುಂಕಮ್ಮ ಹೇಳಿದ ಹಾಗೆಯೇ ಗಡಿಗೆ ಹೂಡಿದಳು. ಆದರೆ ಮನಸ್ಸು ಒಪ್ಪಲಿಲ್ಲ. ಒದ್ದೆ ಮರಳಿನ ತಂಪು ಎಷ್ಟರ ತಂಪು? ಹುಟ್ಟಿದಾಗಿನಿಂದ ಮೀನಿನ ಮನೆಯಲ್ಲಿ ಬೆಳೆದವಳು ಅವಳು. ಐಸಿನೊಳಗೆ ಹೂತದ್ದು ಕೆಡುವುದಿಲ್ಲ, ಐಸಿನ ಹೊರಗಿದ್ದದ್ದು ಉಳಿಯುವುದಿಲ್ಲ. ಶ್ರಾವಣ ಮಾಸ, ಮೀನು ಕೇಳುವವರಿಲ್ಲ. ಥರ್ಮಾಕೋಲ್ ಡಬ್ಬಿಯ ತುಂಬ ಐಸು ಸುಮ್ಮನೆ ಬಿದ್ದಿತ್ತು. ತಂಪು ಇನ್ನಷ್ಟು ಏರಲೆಂದು, ಮೀನಿಗೆ ಮಾಡುವ ಹಾಗೆ, ಮೇಲೆ ಹಿಡಿ ಹಿಡಿ ಕಲ್ಲುಪ್ಪು ಎರಚಿದಳು. ಔಷಧಿಯ ಸೀಸೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆ ಐಸಿನ ನಡುವೆ ಒತ್ತಿದಳು. ಬೆಳಗ್ಗೆ ತೆಗೆದಾಗ ಸೀಸೆ ಕಲ್ಲಾಗಿತ್ತು. ಸೆರಗಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಕರಗಿಸಿ, ತಮ್ಮನ ಕೈಗೆ ಕೊಟ್ಟಳು. ಮೀನು ಕಲ್ಲಾಗಿ ಕರಗಿದರೂ ಮೀನೇ ಅಲ್ಲವೆ? ಅವನು ಎಂದಿನ ಹಾಗೆ ಚುಚ್ಚಿಕೊಂಡ. ಮರುದಿನವೂ ಹಾಗೆಯೇ.

ಈಗ ಅವನ ಬಾಯಿಂದ ಬಾಳೆಹಣ್ಣಿನ ವಾಸನೆ.

ಗಡ್ಡಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಮನೆಯೆದುರಿನ ದೊಡ್ಡ ಹುಣಸೆಮರದ ಬುಡದ ಬಂಡೆಯ ಮೇಲೆ ಮಾತ್ರ. ಸುಂಕಮ್ಮ ಬಂಡೆ ಹತ್ತಿ ನಿಂತು ಸುಮಂಗಲಾಗೆ ಹಚ್ಚಿದಳು. ವಾಸನೆಯ ಮಾತು ಹೇಳಿದ ಕೂಡಲೇ ಆ ಕಡೆಯ ದನಿ ಬದಲಾಯಿತು.

"ಉಸಿರು ಹೆಂಗೈತಿ?"

"ತಿದಿ ಒತ್ತಿದಂಗ."

"ಇಂಜೆಕ್ಷನ್ ತಪ್ಸಿದನಾ?"

"ಇಲ್ಲವ್ವ, ನನ್ನ ಕಣ್ಣ ಮುಂದ ತಗೊಂಡಾನ."

"ಔಷಧಿ ಎಲ್ಲಿಟ್ಟಿದ್ದಿ?"

ಸುಂಕಮ್ಮ ಹೇಳಿದಳು. ಐಸು ಅಂದಳು, ಉಪ್ಪು ಅಂದಳು. ಹೇಳುತ್ತ ಹೇಳುತ್ತಲೇ ಯಾಕೋ ಅವಳ ದನಿ ಸಣ್ಣದಾಯಿತು.

"ಕಲ್ಲಾಗಿತ್ತೇನಕ್ಕ?"

"ಆಗಿತ್ತು. ಕರಗಿಸಿ ಕೊಟ್ಟೀನಿ."

"ಒಮ್ಮೆ ಕಲ್ಲಾತು ಅಂದ್ರ ಅದನ್ನ ನಂಬಂಗಿಲ್ಲಕ್ಕ. ನೋಡಾಕ ಮದ್ದು, ಒಳಗ ಸತ್ತಿರ್ತೈತಿ. ನನ್ನದ ತಪ್ಪು. ತಂಪಿರ್ಲಿ ಅಂದೆ, ಐಸು ಬ್ಯಾಡ ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಅವನ ರಕ್ತ ಹುಳಿ ಆಗಾಕ ಹತ್ತೈತಿ. ಜಲ್ದಿ ಸಲೈನು, ಇನ್ಸುಲಿನ್ ಎರಡೂ ಬೀಳಬೇಕು. ನೀರು ಸ್ವಲ್ಪ ಸ್ವಲ್ಪ ಕುಡಸ್ತಾ ಇರು, ಸಕ್ಕರಿ ಬೆಲ್ಲ ಹಾಕಬ್ಯಾಡ. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ."

"ಸರ್ಕಾರದ ದೋಣಿ?"

"ಮ್ಯಾಲಿನ ಊರಾಗ ಜನ ಸಿಕ್ಕೊಂಡಾರಂತ, ಅಲ್ಲಿಗೆ ಹೋಗೈತಿ. ಇಲ್ಲಿಗೆ ಬರೋದು ಸಂಜಿ ಅಂತಾರ. ಮಧ್ಯಾಹ್ನ ಇನ್ನೂ ನೀರು ಬಿಡ್ತಾರಂತ."

"ಸಂಜಿತನಕ ತಡಿತಾನಾ?"

ಸುಮಂಗಲಾ ಒಂದೊಂದೇ ಮಾತನ್ನು ತೂಗಿ ಇಟ್ಟಳು. "ತಡಿತಾನ ಅಂತ ನಾನು ಹೇಳಂಗಿಲ್ಲ. ಈ ನೀರಿಗೆ ಇಳಿ ಅಂತನೂ ಹೇಳಂಗಿಲ್ಲ. ನಾನು ಡಾಕ್ಟರಿಗೆ ಫೋನ್ ಹಚ್ಚಿ, ಆಂಬುಲೆನ್ಸ್ ತರಿಸಿ, ಕಬ್ಬಿನ ಗದ್ದಿ ದಡದಾಗ ನಿಂತಿರ್ತೀನಿ."

ಸುಂಕಮ್ಮ ಬಂಡೆ ಇಳಿದಳು. ಸೀರೆ ಎತ್ತಿ ಕಚ್ಚೆ ಬಿಗಿದಳು.

ದಿಬ್ಬದ ಮೇಲೆ ಮಗುಚಿ ಹಾಕಿದ್ದ ತೆಪ್ಪ ಅವಳೇ ಹೋದ ಬೇಸಿಗೆ ಹೆಣೆದದ್ದು. ಅದನ್ನು ಗಡ್ಡಿಯ ಮೇಲ್ತುದಿಯವರೆಗೆ ಉರುಳಿಸಿಕೊಂಡು ಹೋದಳು. ನೇರ ದಾಟಲು ಯಾವ ತೆಪ್ಪಕ್ಕೂ ಆಗದು. ಹೊಳೆ ಕೆಳಗೆ ಎಳೆದುಕೊಂಡೇ ಹೋಗುತ್ತದೆ. ಎಷ್ಟು ಮೇಲಿನಿಂದ ಬಿಟ್ಟರೆ ಅಷ್ಟು ಒಳ್ಳೆಯದು. ಯಾಕೆಂದರೆ ಕೆಳಗೆ ಕಂಪ್ಲಿಯ ಸೇತುವೆ ಇತ್ತು. ನೀರು ಅದರ ಮೇಲೆ ಹತ್ತಿ ಹರಿಯುತ್ತಿತ್ತು. ಅಲ್ಲಿಗೆ ಹೋಗಿ ಸಿಕ್ಕಿಕೊಂಡ ತೆಪ್ಪವನ್ನು ಬಿಡಿಸುವವರಿಲ್ಲ.

ತಿರುಗಿ ಬಂದು ತಮ್ಮನನ್ನು ಎಬ್ಬಿಸಿದಳು. ಅವನು ಅವಳ ಕಚ್ಚೆ ನೋಡಿ, ಹುಟ್ಟು ನೋಡಿ, ಎಲ್ಲ ತಿಳಿದುಕೊಂಡ.

"ಅವ್ವ ಏನಂದಿದ್ಲು?"

"ಅವ್ವಗ ನಾನು ಉತ್ತರ ಹೇಳ್ತೀನಿ. ನೀ ಏಳು."

"ಔಷಧಿ ಐಸಿನ್ಯಾಗ ಇಟ್ಟಿದ್ದೇನು?" ಫೋನಿನ ಮಾತು ಅವನ ಕಿವಿಗೆ ಬಿದ್ದಿತ್ತು. "ಮೀನಿನ ಜೊತಿ ಅದನ್ನೂ ಸಂತ್ಯಾಗ ಮಾರಾಕೇನಕ್ಕ?"

ಅವಳಿಗೆ ಅಳು ಬಂತು. ಅಳಲಿಲ್ಲ. ಅವನ ಕಂಕುಳಿಗೆ ಭುಜ ಕೊಟ್ಟು ಎತ್ತಿದಳು. ಅರ್ಧ ದಾರಿ ಅವನು ನಡೆದ, ಉಳಿದರ್ಧ ಅವಳು ಎಳೆದಳು.

ತೆಪ್ಪದ ತಳದಲ್ಲಿ ಅವನನ್ನು ಮಲಗಿಸಿ, ತಲೆ ತನ್ನ ಮೊಣಕಾಲಿಗೆ ಆನಿಸಿಕೊಂಡು, ಅಂಚಿನ ಬಳಿ ಮಂಡಿಯೂರಿದಳು. ಹುಟ್ಟಿನ ಹಿಡಿಗೆ ಸುತ್ತಿದ್ದ ಕರಿ ಟೇಪು ಅಂಗೈಗೆ ಅಂಟಿತು. ಬಂಡೆಗೆ ಹುಟ್ಟು ಒತ್ತಿ ನೂಕಿದಳು.

ಮೊದಲ ಎಳೆತಕ್ಕೇ ಹೊಳೆ ತೆಪ್ಪವನ್ನು ಕಿತ್ತುಕೊಂಡಿತು. ದಡದ ಹುಣಸೆಮರಗಳು ಒಮ್ಮೆ ಎಡಕ್ಕೆ ಹೋದವು, ಮತ್ತೆ ಬಲಕ್ಕೆ ಬಂದವು. ತೆಪ್ಪ ಬುಗುರಿಯಾಗಿತ್ತು. ಅವಳು ಹಲ್ಲು ಕಚ್ಚಿ ಹುಟ್ಟನ್ನು ಎದುರು ಹಾಕಿದಳು. ತಿರುಗುವುದು ನಿಲ್ಲಲಿಲ್ಲ, ತೋಳು ಮಾತ್ರ ಕೀಲು ಕಳಚಿದ ಹಾಗಾಯಿತು.

"ತಡೀಬ್ಯಾಡಕ್ಕ" ಎಂದ ಮೂಕಪ್ಪ, ಕಣ್ಣು ಮುಚ್ಚಿಕೊಂಡೇ. "ತಿರುಗ್ಲಿ ಬಿಡು. ದಡ ಎದ್ರಿಗೆ ಬಂದಾಗ ಎಳಿ. ಹೋದಾಗ ಸುಮ್ನಿರು."

ಅವಳು ಬಿಟ್ಟಳು. ತೆಪ್ಪ ತಿರುಗಿತು. ಕಬ್ಬಿನ ಗದ್ದೆಯ ದಡ ಕಣ್ಣೆದುರು ಬಂದಾಗ ಮೈಯೆಲ್ಲ ಭಾರ ಹಾಕಿ ಎಳೆದಳು. ದಡ ಹಿಂದಾಯಿತು, ಕೈ ನಿಲ್ಲಿಸಿದಳು. ಮತ್ತೆ ಬಂತು, ಎಳೆದಳು. ಒಂದು ಮಾರು ಅಡ್ಡ ಹೋದರೆ ಹತ್ತು ಮಾರು ಕೆಳಗೆ. ಬೇರು ಸಮೇತ ಒಂದು ಬಾಳೆಗಿಡ ಪಕ್ಕದಲ್ಲೇ ಹಾದು ಹೋಯಿತು.

"ಈಗೇನ್ ಮಾಡ್ಲಿ? ಮುಂದ ನೀರು ಉಬ್ಬಿದಂಗ ಕಾಣ್ತೈತಿ. ಲೇ ಮೂಕಾ!"

"ಒಳಗ... ಬಂಡಿಗಲ್ಲು ಐತಿ. ಬಲಕ್ಕ ತಗೋ." ಅವನ ಮಾತು ತೊದಲುತ್ತಿತ್ತು. "ಇಲ್ಲ. ಎಡಕ್ಕ. ಹಂಪಿ ಬಂತೇನಕ್ಕ? ಇಟಲಿಯವ್ರು ಕಾಯ್ತಿರ್ತಾರ."

ಹಂಪಿ ಅವರ ಹಿಂದೆ, ಹೊಳೆಯ ಎಷ್ಟೋ ಮೇಲೆ ಉಳಿದಿತ್ತು. ಇನ್ನು ಅವನ ಎಡ ಬಲವನ್ನು ನಂಬುವ ಹಾಗಿರಲಿಲ್ಲ. ಆದರೆ ಅವನು ಮಾತು ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಕೇಡು. ಉಬ್ಬಿದ ನೀರಿನ ಎಡ ಮಗ್ಗುಲು ನೊರೆ ಹೆಚ್ಚಿತ್ತು; ಅವಳು ಬಲಕ್ಕೆ ಎಳೆದಳು. ಬಂಡೆಯ ನೆತ್ತಿ ತಳಕ್ಕೆ ಉಜ್ಜಿತು. ಮಂಡಿಯ ಕೆಳಗೆ ದಬ್ಬೆಗಳು ಬಾಗಿದವು, ಕಿರುಗುಟ್ಟಿದವು, ಮತ್ತೆ ಸೆಟೆದು ನಿಂತವು. ಎಲ್ಲಿ ಎಳೆದದ್ದು, ಎಲ್ಲಿ ಗಂಟು ಹಾಕಿದ್ದು ಎಂಬುದೆಲ್ಲ ಅವಳಿಗೆ ಕಾಲಿನಿಂದಲೇ ತಿಳಿಯುತ್ತಿತ್ತು. ತಡೆಯುತ್ತದೆ. ಇದು ತಡೆಯುತ್ತದೆ.

"ಮೂಕಾ, ಆ ಮಾತು ಹೇಳು. ಸುಮಂಗಲಾ ಹೇಳಿದ್ಲಲ್ಲ, ಗಡ್ಡಿ ಮಾತು. ಇನ್ಸುಲಾ ಎಲ್ಲೆಲ್ಲಿ ಐತಿ?"

"ನಿದ್ದಿ ಬರ್ತೈತಿ."

"ಹೇಳಿ ಮಲಕ್ಕೋ. ಹೊಟ್ಟ್ಯಾಗ ಒಂದು. ಆಮ್ಯಾಲ?"

"ಹೊಟ್ಟ್ಯಾಗ... ಭಾಳ ಅದಾವ. ಮುಳುಗ್ಯಾವ."

ದಡ ಬಂತು. ಎಳೆದಳು. "ಆಮ್ಯಾಲ?"

"ತೆಲ್ಯಾಗ. ನೀರಡಿಕಿ ಗಡ್ಡಿ. ನೀರು ಕೊಡಕ್ಕ."

"ದಡದಾಗ ಕೊಡ್ತೀನಿ. ಆಮ್ಯಾಲ?"

"ಟೇಪು."

"ಹಾಂ, ನನ್ನ ಕೈಯಾಗ ಐತಿ. ಆಮ್ಯಾಲ? ಮೂರು ಕಡೆ ನೀರಿದ್ರ ಏನದು?"

"ನಾಲ್ಕೂ ಕಡೆ ನೀರೈತಲ್ಲಕ್ಕ" ಎಂದ. ಅದೇ ಕೊನೆ. ಆಮೇಲೆ ಉಸಿರು ಮಾತ್ರ, ಆ ಸಿಹಿ ವಾಸನೆಯ ಉಸಿರು, ಅವಳ ಮೊಣಕಾಲಿಗೆ ಬಿಸಿಯಾಗಿ ತಾಗುತ್ತಿತ್ತು.

"ಲೇ! ಹಕ್ಕಿಗೇನಂತಾರ? ಹುಳಕ್ಕೇನಂತಾರ? ನನಗೇನಂದಿದ್ದಿ ನೀನು? ಲೇ ಮೂಕಾ, ನನಗೊಂದು ಹೆಸರಿಟ್ಟಿದ್ದೆಲ್ಲೋ!"

ಹುಟ್ಟಿದ ಮೇಲೆ ಅವನು ತನ್ನ ಹೆಸರಿಗೆ ತಕ್ಕ ಹಾಗೆ ಇದ್ದದ್ದು ಅದೇ ಮೊದಲು. ಸುಂಕಮ್ಮ ಅವನ ಪಾಲಿನ ಮಾತನ್ನೂ ತಾನೇ ಆಡುತ್ತ ಎಳೆದಳು. ಹೊಟ್ಟ್ಯಾಗ ಗಡ್ಡಿ ಅಂದು ಒಮ್ಮೆ, ತೆಲ್ಯಾಗ ಗಡ್ಡಿ ಅಂದು ಒಮ್ಮೆ, ಹೊಳ್ಯಾಗ ಗಡ್ಡಿ ಅಂದು ಒಮ್ಮೆ. ಕಬ್ಬಿನ ಗದ್ದೆಯ ಅರ್ಧ ಹಿಂದೆ ಹೋಗಿತ್ತು. ಕೆಳಗಡೆ, ಸೇತುವೆ ಇರಬೇಕಾದಲ್ಲಿ ನೀರು ಬಿಳಿಯಾಗಿ ಮಗುಚಿಕೊಳ್ಳುತ್ತಿತ್ತು. ಅದರ ಸದ್ದು ಆಗಲೇ ಕಿವಿ ತುಂಬುತ್ತಿತ್ತು.

ದಡದ ಮೇಲೆ ಯಾರೋ ಓಡುತ್ತಿದ್ದರು. ಮುಂದೆ ಕೆಂಚಣ್ಣ, ಆ ದಡದ ತೆಪ್ಪದವನು, ಹೆಗಲ ಮೇಲೆ ಹಗ್ಗದ ಸುರುಳಿ. ಮೂಕಪ್ಪನಿಗೂ ಅವನಿಗೂ ಗಿರಾಕಿಗಳ ಸಲುವಾಗಿ ದಿನಾ ಜಗಳ. ಹಿಂದೆ ಸುಮಂಗಲಾ, ಚೀಲವನ್ನು ಎದೆಗವಚಿಕೊಂಡು.

"ಬುಟ್ಟಿ ಹೆಣಿಯಾಕಿ!" ಎಂದು ಕೆಂಚಣ್ಣ ಕಿರುಚಿದ. "ಹುಟ್ಟು ಹಿಡಿಯೋದು ಸೌಟು ಹಿಡಿದಂಗ ಅಲ್ಲ! ಎಳೀಬೇ! ಸಾಯ್ತೀಯೇನು, ಎಳೀ!"

"ನಿಮ್ಮಪ್ಪನ್ನ ಎಳಿತೀನಿ, ಹಗ್ಗ ಒಗಿಯೋ ಹಲ್ಕಾ!"

ಹಗ್ಗ ಬಂತು, ನೀರಿಗೆ ಬಿತ್ತು. ಅವನು ಎಳೆದುಕೊಂಡು, ಇನ್ನಷ್ಟು ಕೆಳಗೆ ಓಡಿ, ಸೊಂಟದ ತನಕ ನೀರಿಗಿಳಿದು ಮತ್ತೆ ಒಗೆದ. ಈ ಸಲ ತೆಪ್ಪದ ಅಂಚಿಗೆ ಬಿತ್ತು. ಸುಂಕಮ್ಮ ಹುಟ್ಟು ಬಿಟ್ಟಳು. ಹುಟ್ಟು ಹೊಳೆಯ ಪಾಲಾಯಿತು. ಎರಡೂ ಕೈಯಲ್ಲಿ ಹಗ್ಗ ಹಿಡಿದು ತೆಪ್ಪದ ಅಡ್ಡದಬ್ಬೆಗೆ ಸುತ್ತಿ, ಹೆಣೆಯುವಾಗ ಹಾಕುವ ಗಂಟನ್ನೇ ಹಾಕಿದಳು. ತೆಪ್ಪ ಒಮ್ಮೆ ನಿಂತು ನಡುಗಿತು. ಅಂಚಿನ ಎರಡು ದಬ್ಬೆ ಚಟಚಟನೆ ಮುರಿದವು. ಮೂರನೆಯದು ಹಿಡಿಯಿತು. ಕೆಂಚಣ್ಣ ಹಗ್ಗವನ್ನು ಬೇವಿನ ಮರಕ್ಕೆ ಸುತ್ತಿ, ಮೈ ಬಿಲ್ಲು ಮಾಡಿ ಎಳೆದ. ತೆಪ್ಪ ಬಾಗಿದ ಕಬ್ಬಿನ ಮೇಲೆ ಹತ್ತಿ ಕೂತಿತು.

ಸುಮಂಗಲಾ ನೀರಿಗೇ ಇಳಿದು ಬಂದಳು. ಮೂಕಪ್ಪನ ಬೆರಳು ಚುಚ್ಚಿ ರಕ್ತವನ್ನು ಮಿಷನ್ನಿಗೆ ಹಿಡಿದಳು. ಮಿಷನ್ನು ಅಂಕಿ ತೋರಿಸಲಿಲ್ಲ, ಎರಡು ಇಂಗ್ಲಿಷ್ ಅಕ್ಷರ ತೋರಿಸಿತು. ಅಳತೆ ಮೀರಿ ಏರಿದೆ ಎಂದು ಅರ್ಥವಂತೆ. ಡಾಕ್ಟರು ಫೋನಿನಲ್ಲಿ ಹೇಳುತ್ತಿದ್ದ ಹಾಗೆ ಅಲ್ಲೇ ಕಬ್ಬಿನ ಸೋಗೆಯ ಮೇಲೆ ಮಲಗಿಸಿ ಸಲೈನು ಹಚ್ಚಿದಳು. ಕೆಂಚಣ್ಣ ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು ಆಂಬುಲೆನ್ಸಿನ ತನಕ ಅಡ್ಡಡ್ಡ ನಡೆದ.

"ಬದುಕ್ತಾನೇನವ್ವ?" ಎಂದು ಸುಂಕಮ್ಮ ಕೇಳಿದಳು.

"ಗೊತ್ತಿಲ್ಲಕ್ಕ. ಹೊತ್ತಿಗೆ ಬಂದೀದಿ. ಗಾಡಿ ಹತ್ತು."

ಹೊಸಪೇಟೆಯ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ಅವಳು ಗೋಡೆಗೆ ಆತು ಕೂತಳು. ಯಾರೋ ಚಹ ತಂದುಕೊಟ್ಟರು. ಲೋಟ ಹಿಡಿಯಲು ಹೋದಾಗ ಅಂಗೈ ಹರಿದು ಟೇಪಿನ ಕರಿ ಅಂಟು ಒಳಗೆ ಕೂತಿರುವುದು ಕಂಡಿತು. ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿಕೊಂಡಳು. ನಡುಗುತ್ತಿದ್ದವು. ತಾಯಿ ಹೇಳಿದ್ದು ನಿಜವೇ ಇರಬಹುದು; ಇನ್ನು ಈ ಕೈಯಿಂದ ಒಂದು ತೆಪ್ಪವೂ ಸರಿಯಾಗಿ ಬರಲಿಕ್ಕಿಲ್ಲ. ಬರದಿದ್ದರೆ ಬೇಡ, ಅವನೊಬ್ಬ ಕಣ್ಣು ಬಿಡಲಿ ಎಂದು ಯಾವ ದೇವರ ಹೆಸರನ್ನೂ ಹಿಡಿಯದೆ ಗೋಡೆಗೇ ಹೇಳಿದಳು.

ಮರುದಿನ ಅವನನ್ನು ಹೊರಗಿನ ವಾರ್ಡಿಗೆ ಹಾಕಿದರು. ಗಂಡಾಂತರ ಕಳೆದಿದೆ, ಆದರೂ ನೋಡುತ್ತಿರಬೇಕು ಎಂದರು. ಅವನು ಮಲಗಿಯೇ ಇದ್ದ. ಸುಂಕಮ್ಮ ಮಂಚದ ಕಾಲಿಗೆ ಒರಗಿ ಕೂತಲ್ಲೇ ತೂಕಡಿಸಿದಳು. ತೂಕಡಿಕೆಯಲ್ಲೇ ಮೂಗಿಗೆ ಅದೇ ವಾಸನೆ ಬಡಿಯಿತು. ಸುಗಂಧಿ ಬಾಳೆಹಣ್ಣು. ತೀರ ಕಳಿತದ್ದು.

ಎದೆ ಒಡೆದ ಹಾಗೆ ಎದ್ದಳು. ಅವನ ಬಾಯಿಯ ಮೇಲೆ ಬಗ್ಗಿದಳು, ಗಲ್ಲ ಹಿಡಿದು ಬಾಯಿ ಬಿಡಿಸಿದಳು, ಮೂಗು ತುರುಕುವಷ್ಟು ಹತ್ತಿರ ಹೋಗಿ ಮೂಸಿದಳು. ಹುಳಿ ಇತ್ತು, ಔಷಧಿಯ ಕಮಟಿತ್ತು, ತೊಳೆಯದ ಬಾಯಿಯ ನಾತ ಇತ್ತು. ಬಾಳೆಹಣ್ಣಿರಲಿಲ್ಲ.

"ಏನ್ ಮಾಡ್ತೀಯಬೇ, ಹಲ್ಲು ಎಣಸ್ತೀಯೇನು?" ಎಂದ ಮೂಕಪ್ಪ, ಕಣ್ಣು ಬಿಟ್ಟು.

ಪಕ್ಕದ ಮಂಚದ ಬಳಿ ಒಬ್ಬ ಮುದುಕಿ ಕೂತಿದ್ದಳು. ಮಡಿಲಲ್ಲಿ ಬಾಳೆಹಣ್ಣಿನ ಚಿಪ್ಪು, ಕೈಯಲ್ಲಿ ಅರ್ಧ ಸುಲಿದ ಹಣ್ಣು. ಇವರಿಬ್ಬರನ್ನೂ ಪಿಳಿಪಿಳಿ ನೋಡಿ, "ತಗೋಳವ್ವ, ಕಮಲಾಪುರದ ಹಣ್ಣು, ಮಸ್ತ್ ಅದಾವ" ಎಂದು ಒಂದನ್ನು ಮುರಿದು ಚಾಚಿದಳು.

ಸುಂಕಮ್ಮ ಹಣ್ಣು ತೆಗೆದುಕೊಂಡಳು. ಹೊಳೆ ಏರಿದಂದಿನಿಂದ ಹೊಟ್ಟೆಗೆ ಸರಿಯಾಗಿ ಏನೂ ಬಿದ್ದಿಲ್ಲವೆಂದು ಆಗ ನೆನಪಾಯಿತು.

"ನನಗರ್ಧ" ಎಂದ ಮೂಕಪ್ಪ.

"ನಿನಗಿಲ್ಲ."

"ಏಡಿಯಷ್ಟ ಸಿಟ್ಟು ಅಂದಿದ್ನಲ್ಲ, ಸುಳ್ಳೇನು? ಸುಂಕಮ್ಮ ಇನ್ಸುಲಾರಿಸ್."

ಅವಳು ಸಿಪ್ಪೆ ಸುಲಿದು, ಅವನ ಕಣ್ಣೆದುರಿಗೇ, ಇಡೀ ಹಣ್ಣನ್ನು ಮೆಲ್ಲಮೆಲ್ಲಗೆ ತಿಂದಳು.